ಬಾಂದು ಕಲ್ಲಿನ ಮುಂದೆ ಆದಾಯ ತೆರಿಗೆಯ ಮಾತು

ಕೆಂಕೆರೆಯಿಂದ ಸೋದರಮಾವ ಫೋನ್ ಮಾಡಿ "ತೋಟದಾಗೆ ಶಾಸನದ ಕಲ್ಲು ಸಿಕ್ಕೈತೆ, ಬಂದು ನೋಡ್ಕೊಂಡು ಹೋಗಪ್ಪ" ಅಂದಾಗ ನಾನು ಎರಡನೇ ಮಾತಾಡಲಿಲ್ಲ. ಚೀಲಕ್ಕೆ ಬ್ರಷ್ಷು, ಅಚ್ಚು ತೆಗೆಯುವ ಕಾಗದ, ಟಾರ್ಚು ತುಂಬಿಕೊಂಡು ಬೆಳಗಿನ ರೈಲಿಗೆ ತಿಪಟೂರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹುಳಿಯಾರಿಗೆ ಬಂದೆ. ಶಾಸನ ಅಂದರೆ ನನ್ನಂಥವರಿಗೆ ಇಷ್ಟು ಸಾಕು.

ತೋಟದ ಮೂಲೆಯಲ್ಲಿ, ಬೇಲಿ ಪಕ್ಕ, ಕಲ್ಲು ಅರ್ಧ ಹೂತುಹೋಗಿತ್ತು. ಮಾವ ಆಗಲೇ ಅದರ ಸುತ್ತ ಬಗೆಸಿ, ಒಂದು ಕೊಡ ನೀರು ಹಾಕಿ ತೊಳೆದು, ಅರಿಶಿನ ಕುಂಕುಮ ಕೂಡ ಇಟ್ಟಿದ್ದರು. ನಾನು ಮಂಡಿಯೂರಿ ಕೂತು ನಾಲ್ಕೂ ಮೈ ತಡವಿದೆ. ಅಕ್ಷರ ಇಲ್ಲ. ಸೂರ್ಯ ಚಂದ್ರ ಇಲ್ಲ, ಹಸು ಕರು ಇಲ್ಲ, ಲಿಂಗಮುದ್ರೆ ವಾಮನಮುದ್ರೆ ಯಾವುದೂ ಇಲ್ಲ. ತಲೆಯ ಮೇಲೆ ಮಾತ್ರ ಅಡ್ಡಕ್ಕೊಂದು ಉದ್ದಕ್ಕೊಂದು ಉಳಿಯಲ್ಲಿ ಹೊಡೆದ ಗೀಟು. ಸರ್ವೆಯವರು ನೆಟ್ಟ ಬಾಂದು ಕಲ್ಲು.

"ಹಂಗಾರೆ ರಾಜರ ಹೆಸರು ಇಲ್ವಾ ಇದ್ರಾಗೆ?" ಅಂತ ಮಾವ ಸಪ್ಪಗಾದರು. ನನಗೂ ಸಪ್ಪೆಯೇ. ಆದರೆ ಅವತ್ತು ಮಧ್ಯಾಹ್ನ ಅದೇ ಕಲ್ಲಿನ ಹತ್ತಿರ ಚಾಪೆ ಹಾಕಿಕೊಂಡು ಕೂತಾಗ ನಡೆದ ಮಾತು ನನ್ನನ್ನು ವಾಪಸ್ಸು ಶಾಸನಗಳಿಗೇ ಎಳೆದುಕೊಂಡು ಹೋಯಿತು. ಅದಕ್ಕೇ ಈ ಬರಹ.

ಮಾವನ ಅಳಿಯ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ರೈತರಿಂದ ಕೊಂಡು ಹೊರಗಿನ ವರ್ತಕರಿಗೆ ಮಾರುವ ಕೆಲಸ. ಅವನದ್ದು ಒಂದು ಕೋರಿಕೆ. ತನ್ನ ವ್ಯಾಪಾರದ ಒಂದು ಪಾಲನ್ನು ಮಾವನ ತೋಟದ ಕೊಬ್ಬರಿ ಅಂತ ತೋರಿಸಿ, ದುಡ್ಡು ಮಾವನ ಖಾತೆಗೆ ಬರುವ ಹಾಗೆ ಮಾಡಿ, ಆಮೇಲೆ ಅದನ್ನು ತಾನು ವಾಪಸ್ಸು ಪಡೆಯುವುದು. ವ್ಯವಸಾಯದ ಆದಾಯಕ್ಕೆ ತೆರಿಗೆ ಇಲ್ಲವಲ್ಲ. ಮಾವ ಅನುಮಾನಿಸಿದ್ದಕ್ಕೆ ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದ. ಆದಾಯ ತೆರಿಗೆ ಅನ್ನೋದೇ ಕಾನೂನುಬಾಹಿರ, ಸಂವಿಧಾನದಲ್ಲೇ ಅದು ಇಲ್ಲ, ಬ್ರಿಟಿಷರು ತಂದು ನಮ್ಮ ತಲೆಗೆ ಕಟ್ಟಿದ್ದು, ನಮ್ಮ ರಾಜರು ಪ್ರಜೆಗಳ ಗಳಿಕೆಗೆ ಕೈ ಹಾಕಿದವರೇ ಅಲ್ಲ, ಶಾಸನಗಳಲ್ಲಿ ನೋಡಿ, ಬರೀ ತೆರಿಗೆ ಬಿಟ್ಟ ಕತೆಗಳೇ ಇರೋದು. ಹೀಗೆ.

"ಶಾಸನದಾಗೆ ಐತಂತೆ. ನೀನು ಅದನ್ನೇ ಓದೋನಲ್ವಾ, ಹೇಳು, ನಿಜವಾ?" ಅಂದರು ಮಾವ. ಅಳಿಯನ ಮಾತಿಗೆ ಇಲ್ಲ ಅಂದರೆ ಮಗಳ ಮನೆಯಲ್ಲಿ ಮುನಿಸು. ಹೂಂ ಅಂದರೆ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ತಮ್ಮ ಹೆಸರಿನಲ್ಲಿ ತಮ್ಮದಲ್ಲದ ಲೆಕ್ಕ. ಅವರಿಗೆ ಬೇಕಾಗಿದ್ದುದು ಉಪನ್ಯಾಸ ಅಲ್ಲ. ಆದರೆ ನಾನು ಉಪನ್ಯಾಸವನ್ನೇ ಕೊಟ್ಟೆ, ಅಭ್ಯಾಸಬಲ.

ಮೊದಲು ಶಾಸನದ ಮಾತಿಗೆ ಬರೋಣ, ಯಾಕಂದರೆ ನಮ್ಮ ಹವ್ಯಾಸಿಗಳಲ್ಲೂ ಅನೇಕರು ಇಲ್ಲಿ ಎಡವುತ್ತಾರೆ.

ಶಾಸನಗಳಲ್ಲಿ ತೆರಿಗೆ ಬಿಟ್ಟ ಕತೆಗಳೇ ಹೆಚ್ಚು ಅನ್ನುವುದು ನಿಜವೇ. ಹಲ್ಮಿಡಿ ಶಾಸನವನ್ನೇ ನೋಡಿ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಹೇಳುವ ಆ ಕಲ್ಲಿನ ಪಕ್ಕದ ಕೊನೆಯ ಸಾಲಿನಲ್ಲಿ ಗದ್ದೆಯೊಂದರ ಹತ್ತನೇ ಒಂದು ಪಾಲನ್ನು 'ಅಕರ'ವಾಗಿ ಬಿಟ್ಟ ಮಾತಿದೆ ಅಂತ ವಿದ್ವಾಂಸರು ಓದುತ್ತಾರೆ. ಕನ್ನಡದ ಅತಿ ಹಳೆಯ ಬರಹಗಳಲ್ಲೊಂದು ತೆರಿಗೆ ವಿನಾಯಿತಿಯ ಮಾತಿನೊಂದಿಗೆ ಮುಗಿಯುತ್ತದೆ ಅನ್ನುವುದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಆಮೇಲಿನ ಸಾವಿರ ವರ್ಷವೂ ಅದೇ ರಾಗ: ಸರ್ವನಮಸ್ಯ, ಸರ್ವಮಾನ್ಯ, ಸರ್ವಬಾಧಾ ಪರಿಹಾರ.

ಆದರೆ ಕಲ್ಲಿನ ಮೇಲೆ ಯಾವುದನ್ನು ಬರೆಸುತ್ತಾರೆ? ಎಂದಿನಂತೆ ನಡೆಯುವುದನ್ನು ಯಾರೂ ದುಡ್ಡು ಕೊಟ್ಟು ಕೆತ್ತಿಸುವುದಿಲ್ಲ. ಎಂದಿನದಕ್ಕಿಂತ ಬೇರೆಯಾದದ್ದನ್ನು ಕೆತ್ತಿಸುತ್ತಾರೆ. ಒಂದು ಊರಿಗೆ ತೆರಿಗೆ ಬಿಟ್ಟ ಶಾಸನ ಇದೆ ಅಂದರೆ ಸುತ್ತಮುತ್ತಲ ಊರುಗಳು ತೆರುತ್ತಿದ್ದವು ಅಂತಲೇ ಅರ್ಥ. ಬಿಟ್ಟ ತೆರಿಗೆಗಳ ಪಟ್ಟಿಯಿಂದಲೇ ನಮಗೆ ಇದ್ದ ತೆರಿಗೆಗಳ ಹೆಸರು ಗೊತ್ತಾಗುವುದು: ಸಿದ್ಧಾಯ, ಪನ್ನಾಯ, ವಡ್ಡರಾವುಳ, ಹೆಜ್ಜುಂಕ, ಬಿಲ್ಕೊಡೆ, ಕಿರುಕುಳ, ಮನೆದೆರೆ, ಮಗ್ಗದೆರೆ, ಗಾಣದೆರೆ, ಕುರಿದೆರೆ, ಮದುವೆದೆರೆ. ಇಷ್ಟು ಹೆಸರಿದ್ದ ಕಡೆ ರಾಜರು ಪ್ರಜೆಗಳ ಗಳಿಕೆಗೆ ಕೈ ಹಾಕಲಿಲ್ಲ ಅನ್ನುವುದು ಹೇಗೆ? 'ಕಿರುಕುಳ' ಅನ್ನುವ ಪದ ಸಣ್ಣಪುಟ್ಟ ಸುಂಕಗಳ ಹೆಸರಾಗಿದ್ದು, ಇವತ್ತು ನಮ್ಮ ಬಾಯಲ್ಲಿ ಯಾವ ಅರ್ಥಕ್ಕೆ ಬಂದು ನಿಂತಿದೆ ಅನ್ನುವುದನ್ನು ನೀವೇ ಯೋಚಿಸಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. 'ಸಿದ್ಧಾಯವನ್ನು ಬಿಟ್ಟರು' ಅಂತ ಶಾಸನದಲ್ಲಿ ಓದಿದ ಕೂಡಲೇ ಅಲ್ಲಿನ ಒಕ್ಕಲು ನಿರಾಳವಾದ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳಷ್ಟು ಕಡೆ ಹಾಗಲ್ಲ. ಅರಸ ಬಿಟ್ಟದ್ದು ತನ್ನ ಪಾಲನ್ನು. ಅದು ದೇವಸ್ಥಾನದ ನಂದಾದೀವಿಗೆಗೆ, ನೈವೇದ್ಯಕ್ಕೆ, ಅಗ್ರಹಾರದ ಮಹಾಜನರಿಗೆ ಹೋಯಿತು. ಒಕ್ಕಲು ಮೊದಲಿನಂತೆಯೇ ಅಳೆದು ಕೊಟ್ಟ, ಅಳೆಸಿಕೊಳ್ಳುವ ಕೈ ಮಾತ್ರ ಬೇರೆ. 'ಆಯ' ಅನ್ನುವ ಪದವೇ ಅದನ್ನು ಹೇಳುತ್ತದೆ. ಸಿದ್ಧಾಯದ 'ಆಯ' ಕೊಡುವವನ ಗಳಿಕೆ ಅಲ್ಲ, ತೆಗೆದುಕೊಳ್ಳುವವನಿಗೆ ಬರುವ ಹುಟ್ಟುವಳಿ. ಇದೇ ಸೀಮೆಯ ತುರುವೇಕೆರೆ ಹೊಯ್ಸಳರ ಕಾಲದ ಅಗ್ರಹಾರ. ಇಂಥ ಅಗ್ರಹಾರಗಳ ದತ್ತಿಯನ್ನು ಓದುವಾಗ 'ತೆರಿಗೆಮುಕ್ತ' ಅನ್ನುವ ಇವತ್ತಿನ ಪದವನ್ನು ಹಚ್ಚಿದರೆ ದತ್ತಿ ಪಡೆದವನ ಕಣ್ಣಿಂದ ಮಾತ್ರ ಓದಿದಂತಾಗುತ್ತದೆ. ಗದ್ದೆಯಲ್ಲಿ ನಿಂತವನ ಕಡೆಯಿಂದ ಓದಿದಂತಲ್ಲ. ಬಿ. ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ನಮ್ಮ ತುಮಕೂರು ಜಿಲ್ಲೆಯದ್ದು. ಅದನ್ನು ಬಿಚ್ಚಿಕೊಂಡು ಕೂತಾಗ ಪ್ರತಿ ದತ್ತಿಗೂ 'ಇದನ್ನು ಕೊನೆಗೆ ಕೊಟ್ಟವರು ಯಾರು' ಅಂತ ಒಂದು ಸಲ ಕೇಳಿಕೊಳ್ಳಿ.

ಹಾಗಾದರೆ ಶಾಸನಗಳಲ್ಲಿ ಆದಾಯ ತೆರಿಗೆ ಇತ್ತೇ? ಇವತ್ತಿನ ಅರ್ಥದಲ್ಲಿ ಇರಲಿಲ್ಲ. ವರ್ಷದ ಗಳಿಕೆ ಇಷ್ಟು, ಖರ್ಚು ಕಳೆದು ಉಳಿದದ್ದು ಇಷ್ಟು, ಅದಕ್ಕೆ ಶೇಕಡಾ ಇಷ್ಟು ಅನ್ನುವ ಲೆಕ್ಕ ಅಲ್ಲಿಲ್ಲ. ಅದು ಅರಸರ ಔದಾರ್ಯವೇನಲ್ಲ, ಗಳಿಕೆಯನ್ನು ಅಳೆಯುವ ದಾರಿ ಇರಲಿಲ್ಲ ಅಷ್ಟೇ. ಕಣ್ಣಿಗೆ ಕಾಣುವುದನ್ನು ಎಣಿಸುತ್ತಿದ್ದರು. ಗಾಣ ಎಷ್ಟು, ಮಗ್ಗ ಎಷ್ಟು, ಮನೆ ಎಷ್ಟು, ಕುರಿ ಎಷ್ಟು, ಹೇರು ಎಷ್ಟು. ಇಂಗ್ಲೆಂಡಿನಲ್ಲೂ 1696ರಿಂದ 1851ರವರೆಗೆ ಮನೆಯ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು. ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಗಳಿಕೆಯ ಮೇಲೆ ನೇರವಾಗಿ ತೆರಿಗೆ ಹಾಕುವ ಕೆಲಸಕ್ಕೆ ಅಲ್ಲಿ ಪಿಟ್ ಕೈ ಹಾಕಿದ್ದು 1799ರಲ್ಲಿ, ಅದೂ ಫ್ರೆಂಚರ ಮೇಲಿನ ಯುದ್ಧದ ಖರ್ಚಿಗೆ.

ಆದರೂ 'ಉಳ್ಳವನು ಹೆಚ್ಚು ಕೊಡಲಿ' ಅನ್ನುವ ಯೋಚನೆ ನಮಗೆ ಹೊರಗಿನಿಂದ ಬಂದದ್ದಲ್ಲ. ಇದಕ್ಕೆ ನಾನು ಕೊಡುವ ಸಾಕ್ಷಿ ಲಕ್ಷ್ಮೇಶ್ವರದ ಶಾಸನ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಸುಮಾರು ಕ್ರಿ.ಶ. 725ರಲ್ಲಿ ಪೊರಿಗೆರೆಯ ಮಹಾಜನಕ್ಕೂ, ನಗರಕ್ಕೂ, ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರ ವ್ಯವಸ್ಥೆ ಅದು. ಅರಸನ ಕಡೆಯವರು ಊರಿನಲ್ಲಿ ಏನು ಮಾಡಬಹುದು, ಊರವರು ಏನು ಕೊಡಬೇಕು ಅನ್ನುವುದನ್ನು ಕಂಬದ ಮೇಲೆ ಬರೆಸಿದ್ದಾರೆ. ಅದರಲ್ಲಿ ಒಕ್ಕಲು ಮನೆಗಳು ಕೊಡಬೇಕಾದ್ದು ಒಂದೇ ಸಮ ಇಲ್ಲ. ಉತ್ತಮ ಮನೆಗೆ 10 ಪಣ, ಮಧ್ಯಮಕ್ಕೆ 7, ಅದಕ್ಕಿಂತ ಕೆಳಗಿನದಕ್ಕೆ 5, ತೀರ ಕೆಳಗಿನದಕ್ಕೆ 3. ಅಂತಸ್ತು ಅಂದರೆ ಗಳಿಕೆಯೇ ಅಂತ ನಾನು ಸಾಧಿಸುವುದಿಲ್ಲ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಹಾಕುವ ಕ್ರಮ ಅಲ್ಲಿ ಸ್ಪಷ್ಟವಾಗಿ ಇದೆ. ನನಗೆ ಇದಕ್ಕಿಂತ ಹೆಚ್ಚು ಬೆಲೆಯದ್ದು ಅನಿಸುವುದು ಇನ್ನೊಂದು: ದರವನ್ನು ಮೊದಲೇ ಬರೆದು, ಎಲ್ಲರೂ ನೋಡುವ ಹಾಗೆ ಕಂಬ ನಿಲ್ಲಿಸಿದ್ದಾರೆ. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಅನ್ನುವ ನಾಡಿನಲ್ಲಿ, 'ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ' ಅಂತ ತೋರಿಸಲು ಒಂದು ಕಲ್ಲು ಇರುವುದು ಸಣ್ಣ ಮಾತಲ್ಲ.

ಇವತ್ತು ಆ ಕಂಬದ ಜಾಗದಲ್ಲಿ ನಿಂತಿರುವುದು ಸಂವಿಧಾನದ 265ನೇ ಅನುಚ್ಛೇದ. ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕಬಾರದು, ವಸೂಲು ಮಾಡಬಾರದು ಅಂತ ಅದು ಹೇಳುತ್ತದೆ. ವೀಡಿಯೊದವರು ಇದರ ಅರ್ಧ ಹೇಳಿ ನಿಲ್ಲಿಸುತ್ತಾರೆ. ಉಳಿದರ್ಧ ಏಳನೇ ಅನುಸೂಚಿಯಲ್ಲಿದೆ. ಕೇಂದ್ರದ ಪಟ್ಟಿಯ 82ನೇ ನಮೂದು, ಕೃಷಿ ಆದಾಯ ಬಿಟ್ಟು ಉಳಿದ ಆದಾಯದ ಮೇಲಿನ ತೆರಿಗೆ. ರಾಜ್ಯದ ಪಟ್ಟಿಯ 46ನೇ ನಮೂದು, ಕೃಷಿ ಆದಾಯದ ಮೇಲಿನ ತೆರಿಗೆ. ಸಂವಿಧಾನದಲ್ಲೇ ಇಲ್ಲ ಅನ್ನುವವರಿಗೆ ಈ ಎರಡು ಸಾಲು ಸಾಕು.

ಆ ವಾದದ ಬೇರು ಇರುವುದು ಅಮೆರಿಕದಲ್ಲಿ. ಅಲ್ಲಿ 1895ರಲ್ಲಿ ಸುಪ್ರೀಂ ಕೋರ್ಟು ಆದಾಯ ತೆರಿಗೆಯ ಕಾಯ್ದೆಯೊಂದನ್ನು ನಿಜವಾಗಿಯೂ ತಳ್ಳಿಹಾಕಿತ್ತು, ಆಮೇಲೆ 1913ರಲ್ಲಿ 16ನೇ ತಿದ್ದುಪಡಿ ತಂದು ದಾರಿ ಮಾಡಿಕೊಂಡರು. ಆ ತಿದ್ದುಪಡಿ ಸರಿಯಾಗಿ ಆಗಿಲ್ಲ, ಸಂಬಳ ಆದಾಯವೇ ಅಲ್ಲ, ತೆರಿಗೆ ಕಟ್ಟುವುದು ಐಚ್ಛಿಕ ಅಂತೆಲ್ಲ ಅಲ್ಲಿ ಕೆಲವರು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ, ಕೋರ್ಟುಗಳು ಪ್ರತಿ ಸಲ ತಳ್ಳಿಹಾಕಿವೆ. ಹಾಗೆ ವಾದಿಸಿ ಪುಸ್ತಕ ಬರೆದ ಇರ್ವಿನ್ ಶಿಫ್ 2015ರಲ್ಲಿ ಕೈದಿಯಾಗಿಯೇ ಸತ್ತ. ಅಲ್ಲಿಯ ಗಾಯಕ್ಕೆ ಇಲ್ಲಿ ಪಟ್ಟಿ ಕಟ್ಟಿಕೊಂಡು ಓಡಾಡುವುದು ನಮ್ಮವರಿಗೆ ಯಾಕೆ ಬೇಕೋ.

ಬ್ರಿಟಿಷರು ತಂದದ್ದು ಅನ್ನುವುದು ಮಾತ್ರ ಸರಿ. 1857ರ ದಂಗೆಯಿಂದ ಖಜಾನೆ ಬರಿದಾದ ಮೇಲೆ 1860ರಲ್ಲಿ ಜೇಮ್ಸ್ ವಿಲ್ಸನ್ ತಂದ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಗಳಿಸುವವರಿಗೆ ಇಲ್ಲ, 200ರಿಂದ 500ರವರೆಗೆ ಶೇಕಡಾ 2, ಅದರ ಮೇಲೆ ಶೇಕಡಾ 4. ಇದು ನಿಮ್ಮ ಶಾಸ್ತ್ರದಲ್ಲೇ ಇದೆ ಅಂತ ಮನುವನ್ನೂ ಸಾಕ್ಷಿಗೆ ಕರೆದ. ಆದರೆ ಬ್ರಿಟಿಷರೆಲ್ಲ ಒಂದೇ ಬಾಯಾಗಿರಲಿಲ್ಲ. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯಾನ್ ಈ ಹೊಸ ತೆರಿಗೆಗಳು ತಪ್ಪು ಅಂತ ಬಹಿರಂಗವಾಗಿ ವಿರೋಧಿಸಿ, ಅದಕ್ಕಾಗಿ ಹುದ್ದೆಯಿಂದ ವಾಪಸ್ಸು ಕರೆಸಿಕೊಳ್ಳಬೇಕಾಯಿತು. ವಿಲ್ಸನ್ ಅದೇ ವರ್ಷ ಕಲ್ಕತ್ತದಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ನಮ್ಮ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದಾಯ ತೆರಿಗೆ ಕಾಯ್ದೆ ಇತ್ತು, 1923ರದ್ದು. ಭಾರತದ ಕಾಯ್ದೆ ಮೈಸೂರಿಗೆ ಬಂದದ್ದು 1950ರ ಏಪ್ರಿಲ್ 1ರಿಂದ. ಅಂದರೆ ಇಲ್ಲಿ ಅದನ್ನು ಮೊದಲು ವಸೂಲು ಮಾಡಿದ್ದು ಮಹಾರಾಜರ ಸರ್ಕಾರವೇ. "ನಮ್ಮ ರಾಜರು" ಅಂದಾಗ ಅವರನ್ನು ಮಾತ್ರ ಬಿಟ್ಟು ಲೆಕ್ಕ ಹಾಕಲಾಗುವುದಿಲ್ಲ.

ಈಗ ಮಾವನ ಬಾಂದು ಕಲ್ಲಿಗೆ ಬರುತ್ತೇನೆ. ಮೈಸೂರಿನಲ್ಲಿ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ. ಹೊಲ ಹೊಲ ಅಳೆದು, ಖುಷ್ಕಿ, ತರಿ, ಬಾಗಾಯ್ತು ಅಂತ ವಿಂಗಡಿಸಿ, ಮಣ್ಣಿಗೆ ತರಗತಿ ಕೊಟ್ಟು, ಕಂದಾಯ ಕಟ್ಟಿದರು. ಗಡಿಗೆ ಕಲ್ಲು ನೆಟ್ಟರು. ಹಾಗಾಗಿ ಅಕ್ಷರವಿಲ್ಲದ ಆ ಕಲ್ಲೂ ಒಂದು ತೆರಿಗೆಯ ದಾಖಲೆಯೇ.

ವ್ಯವಸಾಯದ ಆದಾಯಕ್ಕೆ ತೆರಿಗೆ ಯಾಕಿಲ್ಲ ಅನ್ನುವ ಪ್ರಶ್ನೆಗೂ ಉತ್ತರದ ಒಂದು ತುದಿ ಅಲ್ಲೇ ಇದೆ. 1860ರ ಕಾಯ್ದೆಯಲ್ಲಿ ವ್ಯವಸಾಯದ ಆದಾಯವೂ ಸೇರಿತ್ತು. 1886ರ ಕಾಯ್ದೆ ಅದನ್ನು ಹೊರಗಿಟ್ಟಿತು. ಭೂಮಿ ಆಗಲೇ ಕಂದಾಯವನ್ನೂ ಅದರ ಮೇಲಿನ ಸೆಸ್ಸುಗಳನ್ನೂ ಹೊತ್ತಿದೆ, ಮತ್ತೊಂದು ಭಾರ ಬೇಡ ಅನ್ನುವುದು ಆಗಿನ ವಾದ. ಆ ವಿನಾಯಿತಿ ಮುಂದಿನ ಕಾಯ್ದೆಗಳಿಗೆ ಹರಿದು ಬಂತು. 1961ರ ಕಾಯ್ದೆಯಲ್ಲಿ 10(1)ನೇ ಕಲಮು, 2025ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ವಿನಾಯಿತಿ ಉಳಿಯಿತು, ಅದಕ್ಕೆ ಕಾರಣವಾಗಿದ್ದ ಕಂದಾಯ ಸವೆದುಹೋಯಿತು. ಮಾವನ ಟ್ರಂಕಿನಲ್ಲಿ ಕಂದಾಯದ ರಸೀದಿಗಳು ದಾರದಲ್ಲಿ ಪೋಣಿಸಿ ಇವೆ. ವರ್ಷದ ಮೊತ್ತ ಕಾಯಿ ಕೆಡವುವವನ ಒಂದು ದಿನದ ಕೂಲಿಗೂ ಬರುವುದಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ತೋಟದವರು ಬೇಜಾರು ಮಾಡಿಕೊಳ್ಳಬಾರದು. ನುಸಿಪೀಡೆ, ಬರ, ಬೆಲೆ ಕುಸಿತ ಎಲ್ಲ ಕಂಡ ನಾಲ್ಕೆಕರೆಯವನಿಗೆ ಈ ವಿನಾಯಿತಿ ನ್ಯಾಯವಾದದ್ದೇ. ದೊಡ್ಡ ಹಿಡುವಳಿಯವನು ಒಂದು ಪೈಸೆ ಕೊಡದೆ, ಅದೇ ಊರಿನ ಮೇಷ್ಟ್ರು ಸಂಬಳದಲ್ಲಿ ಹಿಡಿಸಿಕೊಳ್ಳುವುದು ನನಗೆ ಪೊರಿಗೆರೆಯ ಕಂಬದ ಲೆಕ್ಕಕ್ಕಿಂತ ಹಿಂದೆ ಬಿದ್ದದ್ದಾಗಿ ಕಾಣುತ್ತದೆ. ಹಾಗಂತ ಇದನ್ನು ಯಾರೂ ಮುಟ್ಟಿಯೇ ಇಲ್ಲ ಅಂತಲೂ ಅಲ್ಲ. ನಮ್ಮ ರಾಜ್ಯ 1957ರಲ್ಲೇ ಕೃಷಿ ಆದಾಯ ತೆರಿಗೆಗೆ ಕಾಯ್ದೆ ಮಾಡಿತ್ತು. 1973ರಿಂದ ಕೇಂದ್ರವೂ, ಬೇರೆ ಗಳಿಕೆ ಇರುವವನಿಗೆ ದರ ನಿಗದಿ ಮಾಡುವಾಗ ಅವನ ಕೃಷಿ ಆದಾಯವನ್ನು ಸೇರಿಸಿ ನೋಡುತ್ತದೆ.

ಇನ್ನು ಕೊಬ್ಬರಿ. ನಮ್ಮ ಕಡೆ ಕಾಯಿ ಕೆಡವಿ ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ಇಂಗಿ ಗಿಟುಕು ಅಲ್ಲಾಡುವ ಹಾಗಾದಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಬೆಳೆದವನೇ ಬೆಳೆಯನ್ನು ಮಾರುಕಟ್ಟೆಗೆ ಒಯ್ಯುವ ಸ್ಥಿತಿಗೆ ತರಲು ಸಾಮಾನ್ಯವಾಗಿ ಮಾಡುವ ಕೆಲಸ ವ್ಯವಸಾಯದ ಭಾಗವೇ ಅಂತ ಕಾಯ್ದೆ ಒಪ್ಪುತ್ತದೆ. ಮಾವ ಅಟ್ಟದಲ್ಲಿ ಒಣಗಿಸಿದ ತಮ್ಮ ಕೊಬ್ಬರಿಯ ದುಡ್ಡು ಹೀಗೆ ವಿನಾಯಿತಿಯೊಳಗೆ ಬರುತ್ತದೆ. ಅದೇ ಕೊಬ್ಬರಿಯನ್ನು ಅಳಿಯ ಕೊಂಡು ಮಾರಿದರೆ ಅದು ವ್ಯಾಪಾರ. ಕೊಬ್ಬರಿ ಒಂದೇ, ಕೈ ಬೇರೆ. ತನ್ನದು ಕೃಷಿ ಆದಾಯ ಅನ್ನುವವನೇ ಅದನ್ನು ರುಜುವಾತು ಮಾಡಬೇಕು, ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆಗುವುದಿಲ್ಲ.

ಮಾವ ಎಲ್ಲ ಕೇಳಿ ಕೊನೆಗೆ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. "ಅಲ್ಲಪ್ಪ, ಗಾಂಧಿ ಕಾಲದಾಗೆ ಕಂದಾಯ ಕಟ್ಟಲ್ಲ ಅಂದೋರು ಇರ್ಲಿಲ್ವಾ? ಅವರೇನು ಕಳ್ಳರಾ?"

ಅಲ್ಲ. 1930ರಿಂದ ಮೂರ್ನಾಲ್ಕು ವರ್ಷ ಅಂಕೋಲಾ, ಸಿದ್ದಾಪುರದ ಕಡೆ ಕರನಿರಾಕರಣ ನಡೆದಾಗ ರೈತರು ಕಟ್ಟುವುದಿಲ್ಲ ಅಂತ ಎದುರಿಗೇ ಹೇಳಿದರು. ಜಮೀನು ಹರಾಜಾಯಿತು, ಮನೆಯ ಸಾಮಾನು ಜಪ್ತಿಯಾಯಿತು, ಹೆಂಗಸರೂ ಜೈಲಿಗೆ ಹೋದರು. ಅದಕ್ಕೂ ಹಿಂದೆ 1830ರಲ್ಲಿ ನಗರದ ರೈತರು ಕೂಟ ಸೇರಿ ದಂಗೆ ಎದ್ದದ್ದರಿಂದ ಮುಂದೆ ಮೈಸೂರಿನ ಆಡಳಿತವೇ ಕೈ ಬದಲಾಯಿತು. ಇನ್ನೂ ಹಿಂದೆ 1429ರಲ್ಲಿ, ವಿಜಯನಗರದ ಆಳ್ವಿಕೆಯಲ್ಲಿ, ತಮಿಳು ಸೀಮೆಯ ಬಲಗೈ ಎಡಗೈ ಪಂಗಡಗಳು ಒಟ್ಟಾಗಿ, ಅಧಿಕಾರಿಗಳ ಅನ್ಯಾಯದ ವಸೂಲಿಗೆ ಒಪ್ಪುವುದಿಲ್ಲ, ಇಷ್ಟಿಷ್ಟೇ ಕೊಡುತ್ತೇವೆ ಅಂತ ದರ ಗೊತ್ತುಮಾಡಿ ಕೊರುಕ್ಕೈ ಮುಂತಾದ ಕಡೆ ದೇವಸ್ಥಾನದ ಗೋಡೆಯ ಮೇಲೆ ಕೆತ್ತಿಸಿದರು. ತೆರಿಗೆ ಕೊಡುವವರು ತಾವೇ ಬರೆಸಿದ ಶಾಸನ. ಅಂಥವು ತೀರ ವಿರಳ. ಇವರೆಲ್ಲ ತಮ್ಮ ಹೆಸರಿನಲ್ಲಿ, ಎಲ್ಲರ ಕಣ್ಣೆದುರು ಬೇಡ ಅಂದವರು. ಭಾವ ಕೇಳುತ್ತಿರುವುದು ಮಾವನ ಹೆಸರನ್ನು.

ಮಾವ ಕೊನೆಯ ಪಟ್ಟು ಹಾಕಿದರು. "ವಿನಾಯಿತಿ ಅಂತೂ ನಮ್ಮ ಹಕ್ಕು ತಾನೇ? ಅದನ್ನ ಯಾರಿಗೆ ಬೇಕಾರೂ ಕೊಡ್ಬೋದು, ಉಂಬಳಿ ಇದ್ದಂಗೆ."

"ಉಂಬಳಿಯ ಕತೆ ನಿಮಗೇ ಗೊತ್ತಲ್ಲ ಮಾವ" ಅಂದೆ. ಚಂದ್ರ ಸೂರ್ಯರಿರುವ ತನಕ ಅಂತ ಕಲ್ಲಿನಲ್ಲಿ ಕೆತ್ತಿ, ಅಳಿಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟಲಿ ಅಂತ ಶಾಪ ಹಾಕಿದ ಮಾನ್ಯಗಳೂ 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳಲ್ಲಿ ಹೋದವು. ಮಾವನ ದೊಡ್ಡಪ್ಪನಿಗೂ ಒಂದು ತುಂಡು ಇನಾಮು ಇತ್ತು. ಆ ನೆನಪು ಬಂದು ಅವರು ನಕ್ಕರು.

ಆಮೇಲೆ ಅವರು ಮಾತಾಡಲಿಲ್ಲ. ಒಂದು ಕಡ್ಡಿ ತಗೊಂಡು ಮಣ್ಣಿನಲ್ಲಿ ಲೆಕ್ಕ ಬರೆಯತೊಡಗಿದರು. ಫಸಲು ಕೊಡುವ ಮರ 160. ಮರಕ್ಕೆ ವರ್ಷಕ್ಕೆ ನೂರು ಕಾಯಿ ಅಂದರೂ 16,000. ತಮ್ಮ ತೋಟದ ಕಾಯಿ ಸಾವಿರಕ್ಕೆ ಒಂದೂಕಾಲು ಕ್ವಿಂಟಲ್ ಕೊಬ್ಬರಿ ಬಿದ್ದರೆ ಹೆಚ್ಚು ಅಂದರು. ಒಟ್ಟು 20 ಕ್ವಿಂಟಲ್. ಅಳಿಯ ಅವರ ಹೆಸರಿನಲ್ಲಿ ತೋರಿಸಲು ಕೇಳಿದ್ದು 90.

ಕಡ್ಡಿ ಎಸೆದು, ಬಾಂದು ಕಲ್ಲಿನ ಸುತ್ತ ಬಗೆದಿದ್ದ ಮಣ್ಣನ್ನು ಕಾಲಿನಿಂದ ವಾಪಸ್ಸು ತಳ್ಳಿ ತುಳಿದರು. ಫೋನ್ ತೆಗೆದು ಅಳಿಯನಿಗೆ ಹಚ್ಚಿದರು.

"ಏನಪ್ಪಾ, ಊಟ ಆಯ್ತಾ? ಅಲ್ಲ, ನೀನು ಹೇಳಿದ ಲೆಕ್ಕಕ್ಕೆ ಇನ್ನೂ ಐನೂರ ಅರವತ್ತು ಮರ ಬೇಕಾಗ್ತದೆ ಕಣಪ್ಪ. ನಂ ತೋಟದಾಗೆ ಜಾಗ ಇಲ್ಲ."